ಕೆಮ್ಮು ಒಂದೇ, ಕಾಯಿಲೆ ಬೇರೆ: ಟಿ.ಬಿ. ಮತ್ತು ಕಲ್ಲು ಧೂಳಿನ ಸಿಲಿಕೋಸಿಸ್

ಚಿಂತಾಮಣಿ ಕಡೆಯ ನಮ್ಮೂರಲ್ಲಿ ಬೋರ್ ಹಾಕಿಸುವುದು ಅಂದರೆ ಒಂದು ಸಣ್ಣ ಜಾತ್ರೆ. ಪೂಜೆ ಮಾಡಿ, ತೆಂಗಿನಕಾಯಿ ಒಡೆದ ಮೇಲೆ ಗಾಡಿ ಶುರುವಾಗುತ್ತದೆ. ಮೊದಲು ಕೆಂಪು ಮಣ್ಣು ಬರುತ್ತದೆ. ಬಂಡೆ ಸಿಕ್ಕಿತು ಅಂದರೆ ಬಿಳಿ ಧೂಳು. ಸಾವಿರ ಅಡಿ, ಸಾವಿರದ ಇನ್ನೂರು ಅಡಿ, ನೀರಿನ ಪಸೆ ಕಾಣುವವರೆಗೂ ಅದೇ ಬಿಳಿ ಧೂಳು. ನಾವೆಲ್ಲ ದೂರದ ಹೊಂಗೆ ಮರದ ಕೆಳಗೆ ಕೂತು, ಯಾವಾಗ ಧೂಳು ನಿಂತು ಕೆಸರು ಬರುತ್ತದೋ ಅಂತ ಕಾಯುತ್ತೇವೆ. ರಾಡು ಜೋಡಿಸುವ ಹುಡುಗರು ಮಾತ್ರ ಆ ಮೋಡದ ಒಳಗೇ ಇರುತ್ತಾರೆ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ಇಪ್ಪತ್ತರ ಹುಡುಗ ಎಪ್ಪತ್ತರ ಮುದುಕನ ಹಾಗೆ ಕಾಣುತ್ತಾನೆ. ಮುಖಕ್ಕೆ ಒಂದು ಟವಲ್ ಸುತ್ತಿಕೊಂಡಿರುತ್ತಾನೆ, ಅಷ್ಟೇ.

ನನ್ನ ಸೋದರಮಾವ 11 ವರ್ಷ ಹೀಗೆ ಬೋರ್ ಗಾಡಿಯಲ್ಲಿ ದುಡಿದವರು. ಆಮೇಲೆ 6 ವರ್ಷ ಜಲ್ಲಿ ಕ್ರಷರ್‌ನಲ್ಲಿ. ನಲವತ್ತೈದು ದಾಟುವಷ್ಟರಲ್ಲಿ ಕೆಮ್ಮು ಹಿಡಿಯಿತು, ಹಿಂದೆಯೇ ದಮ್ಮು. ಆಸ್ಪತ್ರೆಗೆ ಹೋದರೆ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡವು. ಕಫದಲ್ಲಿ ಏನೂ ಸಿಗಲಿಲ್ಲ. ಆದರೂ ಟಿ.ಬಿ. ಇರಬಹುದು ಅಂತ ಆರು ತಿಂಗಳು ಮಾತ್ರೆ ಕೊಟ್ಟರು. ಒಂದು ದಿನ ತಪ್ಪಿಸದೆ ನುಂಗಿದರು. ದಮ್ಮು ಇಳಿಯಲಿಲ್ಲ. ಎರಡು ವರ್ಷ ಬಿಟ್ಟು ಇನ್ನೊಂದು ಕಡೆ ತೋರಿಸಿದರೆ ಅದೇ ಚುಕ್ಕೆ, ಅದೇ ಮಾತು, ಮತ್ತೆ ಆರು ತಿಂಗಳ ಮಾತ್ರೆ. ಅಷ್ಟರಲ್ಲಿ ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆಯಾಗಿದ್ದವು. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳುವುದನ್ನು ಅವರೇ ಬಿಟ್ಟಿದ್ದರು.

ಮೂರನೇ ಸಲ ನೋಡಿದ ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನ್ ಕೆಲಸ ಮಾಡ್ತಿದ್ರಿ ನೀವು?" ಅಂತ ಕೇಳಿದರು. "ಈಗ ಏನೂ ಇಲ್ಲ ಸಾರ್, ಮನೇಲೇ ಇದೀನಿ" ಅಂದರು ಮಾವ. "ಈಗಿಂದಲ್ಲ, ಮುಂಚೆ?"

ಈ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾವಾಗಿಯೇ ಹೇಳಬೇಕು ಅಂತ ನಮಗೂ ಹೊಳೆದಿರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಬಂಡೆ ಕೆಲಸ ಮಾಡುವವರು ಲೆಕ್ಕವಿಲ್ಲದಷ್ಟು ಜನ. ಅವರ ಮನೆಗಳಲ್ಲಿ ಈ ಎರಡು ಕಾಯಿಲೆಗಳ ಗೊಂದಲ ಇದ್ದೇ ಇರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಟಿ.ಬಿ., ಅಂದರೆ ಕ್ಷಯ. ಇದು ರೋಗಾಣುವಿನಿಂದ ಬರುವ ಕಾಯಿಲೆ. ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಆ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಹೇಳಿದರು. ಈಗಲೂ ಆ ದಿನವನ್ನೇ ಕ್ಷಯ ದಿನ ಅಂತ ಆಚರಿಸುತ್ತಾರೆ. ಶ್ವಾಸಕೋಶದಲ್ಲಿ ಟಿ.ಬಿ. ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ರೋಗಾಣು ಗಾಳಿಗೆ ಸೇರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊತ್ತುಗಟ್ಟಲೆ ತೇಲುತ್ತಾ ಇರುತ್ತದೆ. ಅದನ್ನು ಉಸಿರಾಡಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ರೋಗಾಣು ಒಳಗೆ ಹೋದ 100 ಜನರಲ್ಲಿ 5ರಿಂದ 10 ಜನಕ್ಕೆ ಮಾತ್ರ, ಬದುಕಿನಲ್ಲಿ ಯಾವಾಗಲೋ ಒಮ್ಮೆ, ಅದು ಕಾಯಿಲೆಯಾಗಿ ಎದ್ದು ನಿಲ್ಲುತ್ತದೆ. ಉಳಿದವರ ಮೈಯಲ್ಲಿ ಮಲಗಿಯೇ ಇರುತ್ತದೆ. ಮೈ ಸೊರಗಿದಾಗ, ಸಕ್ಕರೆ ಕಾಯಿಲೆ ಇದ್ದಾಗ, ಊಟ ಸಾಲದಿದ್ದಾಗ ಏಳುತ್ತದೆ. ಏಳುವುದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿಗೆ ಸಣ್ಣಗೆ ಏರುವ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಊಟ ಬೇಡ ಅನಿಸುವುದು, ಕೆಲವೊಮ್ಮೆ ಕಫದಲ್ಲಿ ರಕ್ತ. ಇವು ಟಿ.ಬಿ.ಯ ಗುರುತು. ಟಿ.ಬಿ. ವಾಸಿಯಾಗುತ್ತದೆ. ಮಾಮೂಲಿ ಟಿ.ಬಿ.ಗೆ ಆರು ತಿಂಗಳ ಔಷಧಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಸರಿಯಾದ ಔಷಧಿ ಶುರುವಾಗಿ ಕೆಲವು ವಾರ ಕಳೆದರೆ ಬಹುತೇಕ ಜನರಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಟಿ.ಬಿ. ಹರಡುವುದೇ ಇಲ್ಲ. ನಮ್ಮ ಮಾವನಿಗೆ ಟಿ.ಬಿ. ಇದ್ದಿದ್ದರೂ ಆ ತಟ್ಟೆ ಬೇರೆ ಮಾಡುವ ಅಗತ್ಯ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ.

ಟಿ.ಬಿ. ವಿಷಯದಲ್ಲಿ ನಮ್ಮ ಸೀಮೆಗೆ ಒಂದು ದೊಡ್ಡ ಪಾತ್ರ ಇದೆ. ದೇಶದ ಕ್ಷಯ ಕಾರ್ಯಕ್ರಮ ರೂಪಿಸಲು 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಗಳಲ್ಲಿ ಟಿ.ಬಿ. ಎಷ್ಟಿದೆ ಅಂತ ತಿಳಿಯಲು ಅವರು ಆರಿಸಿಕೊಂಡಿದ್ದು ತುಮಕೂರು ಜಿಲ್ಲೆಯನ್ನು. 1960-61ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದರು. 12 ವರ್ಷ ಬಿಟ್ಟು ಅದೇ ಜಿಲ್ಲೆಯಲ್ಲಿ ಮತ್ತೆ ಮಾಡಿದರು. ಟಿ.ಬಿ. ಬರೀ ಪಟ್ಟಣದ ಇಕ್ಕಟ್ಟಿನ ಕಾಯಿಲೆ ಅಲ್ಲ, ಹಳ್ಳಿಯಲ್ಲೂ ಅಷ್ಟೇ ಬೇರು ಬಿಟ್ಟಿದೆ ಅನ್ನುವುದು ಗಟ್ಟಿಯಾಗಲು ನಮ್ಮ ತುಮಕೂರಿನ ಹಳ್ಳಿಗಳೂ ಕಾರಣ.

ಈಗ ಸಿಲಿಕೋಸಿಸ್. ಇದರಲ್ಲಿ ರೋಗಾಣು ಇಲ್ಲ. ಇರುವುದು ಕಲ್ಲು.

ಹೊಲದ ಬದುವಿನಲ್ಲಿ ಬೆಳ್ಳಗೆ ಹೊಳೆಯುವ ಬೆಣಚುಕಲ್ಲು ನೋಡಿದ್ದೀರಲ್ವಾ? ಚಿಕ್ಕವರಿದ್ದಾಗ ಎರಡು ಬೆಣಚು ಉಜ್ಜಿ ಕಿಡಿ ಹಾರಿಸುತ್ತಿದ್ದೆವು. ಆ ಬೆಣಚೇ ಸಿಲಿಕಾ. ನಮ್ಮ ಬೆಟ್ಟಗುಡ್ಡಗಳ ಗ್ರಾನೈಟ್‌ನಲ್ಲಿ ಕಾಲು ಭಾಗದಷ್ಟು ಬೆಣಚೇ ಇರುತ್ತದೆ. ಕಲ್ಲು ಕಲ್ಲಾಗಿ ಇರುವವರೆಗೆ ಏನೂ ತೊಂದರೆ ಇಲ್ಲ. ಅದರ ಮೇಲೆ ಕೂರಬಹುದು, ಚಪ್ಪಡಿ ಮಾಡಿ ಮನೆ ಕಟ್ಟಬಹುದು. ಕೊರೆದಾಗ, ಒಡೆದಾಗ, ಅರೆದಾಗ, ಗ್ರೈಂಡರ್ ಹಿಡಿದು ನಯ ಮಾಡಿದಾಗ ಹುಟ್ಟುವ ಹುಡಿಯೇ ಅಪಾಯ.

ಆ ಹುಡಿಯಲ್ಲೂ ಕಣ್ಣಿಗೆ ಕಾಣುವುದು ಅಷ್ಟು ಕೆಟ್ಟದ್ದಲ್ಲ. ಅದು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉಗುಳಿದರೆ, ಸೀಟಿದರೆ ಆಚೆ ಬರುತ್ತದೆ. ಕಾಣದ ಕಣಗಳೇ ಕೊಲ್ಲುವುದು. ಕೂದಲೆಳೆ ಎಷ್ಟು ದಪ್ಪ ಇದೆಯೋ ಅದರ ಹತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣ ಕಣಗಳು ಮೂಗು, ಗಂಟಲು ಎಲ್ಲ ದಾಟಿ ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತವೆ. ಅಲ್ಲಿ ಸುಮಾರು 30ರಿಂದ 50 ಕೋಟಿ ಪುಟಾಣಿ ಗಾಳಿಚೀಲಗಳಿವೆ. ನಾವು ಎಳೆದ ಗಾಳಿ ರಕ್ತಕ್ಕೆ ಸೇರುವುದು ಅಲ್ಲೇ. ಟವಲ್ಲು ಈ ಕಣಗಳಿಗೆ ಬಾಗಿಲು ತೆಗೆದಿಟ್ಟ ಹಾಗೆ. ನೇಯ್ಗೆಯ ಸಂದು ಅವುಗಳಿಗಿಂತ ಎಷ್ಟೋ ದೊಡ್ಡದು.

ಗಾಳಿಚೀಲಗಳಲ್ಲಿ ನಮ್ಮ ಮೈಯದೇ ಜೀವಕಣಗಳು ಕಾವಲಿಗಿರುತ್ತವೆ, ಅವನ್ನು ಕಾವಲು ಕಣ ಅನ್ನೋಣ. ಹೊರಗಿನದು ಏನೇ ಬಂದರೂ ನುಂಗಿ ಅರಗಿಸುವುದು ಅವುಗಳ ಕೆಲಸ. ಸಿಲಿಕಾ ಕಣವನ್ನೂ ನುಂಗುತ್ತವೆ. ಆದರೆ ಕಲ್ಲು ಅರಗುತ್ತದೆಯೇ? ನುಂಗಿದ ಕಾವಲು ಕಣವೇ ಒಳಗಿನಿಂದ ಒಡೆದು ಸಾಯುತ್ತದೆ. ಸಾಯುವಾಗ ಸುತ್ತಮುತ್ತ ಉರಿ ಹಬ್ಬಿಸುತ್ತದೆ. ಕಲ್ಲಿನ ಕಣ ಮತ್ತೆ ಆಚೆ ಬೀಳುತ್ತದೆ. ಅದನ್ನು ಇನ್ನೊಂದು ಕಾವಲು ಕಣ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಇದು ನಿಲ್ಲುವುದೇ ಇಲ್ಲ. ಉರಿ ಎದ್ದ ಕಡೆಯೆಲ್ಲ ಮೈ ತೇಪೆ ಹಾಕುತ್ತಾ ಹೋಗುತ್ತದೆ. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಗಟ್ಟಿಯಾಗಿ ಎಳೆದುಕೊಳ್ಳುತ್ತದಲ್ಲ, ಶ್ವಾಸಕೋಶದ ಒಳಗೆ ಅಂಥದೇ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಗಂಟು ಗಂಟು ಕೂಡಿಕೊಂಡು ದೊಡ್ಡದಾಗುತ್ತವೆ. ಹಿಗ್ಗಬೇಕಾದ ಶ್ವಾಸಕೋಶ ಹಿಗ್ಗುವುದಿಲ್ಲ. ಇಷ್ಟು ತಿಳಿದರೆ ಕೆಲಸ ಬಿಟ್ಟ ಮೇಲೂ ಈ ಕಾಯಿಲೆ ಯಾಕೆ ಮುಂದುವರಿಯುತ್ತದೆ ಅನ್ನುವುದು ಅರ್ಥವಾಗುತ್ತದೆ. ಧೂಳಿನಿಂದ ನಾವು ದೂರ ಬಂದರೂ ಒಳಗೆ ಹೋದ ಧೂಳು ಅಲ್ಲೇ ಇರುತ್ತದೆ.

ಸಾಮಾನ್ಯವಾಗಿ 10 ವರ್ಷಕ್ಕೂ ಜಾಸ್ತಿ ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ಹೆಚ್ಚಿದ್ದರೆ 5ರಿಂದ 10 ವರ್ಷದಲ್ಲೇ ಬರಬಹುದು. ಮುಚ್ಚಿದ ಜಾಗದಲ್ಲಿ ವಿಪರೀತ ಧೂಳು ಇದ್ದರೆ ತಿಂಗಳುಗಳೂ ಸಾಕು. ಅದು ಭಯಂಕರವಾದದ್ದು. ಆದರೆ ಸಿಲಿಕೋಸಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಪಕ್ಕದಲ್ಲಿ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ.

ಕೋಲಾರದವರಿಗೆ ಇದು ಹೊಸ ಕಥೆ ಅಲ್ಲ. ಕೆ.ಜಿ.ಎಫ್. ಗಣಿಯಲ್ಲಿ ಚಿನ್ನ ಇದ್ದದ್ದು ಬೆಣಚಿನ ಪದರಗಳ ಒಳಗೆ. ಚಿನ್ನ ಬೇಕು ಅಂದರೆ ಬೆಣಚು ಒಡೆಯಲೇಬೇಕು. 1880ರ ದಶಕದಿಂದ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೆ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಮೂರು ನಾಲ್ಕು ತಲೆಮಾರು ಆ ಧೂಳಿನಲ್ಲಿ ಉಸಿರಾಡಿದವು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. ಡಾಕ್ಟರ್ ಓದುವ ಮಕ್ಕಳ ಪಠ್ಯಪುಸ್ತಕದಲ್ಲಿ ಇವತ್ತಿಗೂ ಈ ಸಾಲು ಇದೆ. ಹಾಗಿದ್ದೂ ಅದೇ ಜಿಲ್ಲೆಯ ಪಕ್ಕದಲ್ಲಿ, ಬೋರ್ ಗಾಡಿಯಲ್ಲಿ ದುಡಿದ ಒಬ್ಬ ಮನುಷ್ಯನಿಗೆ ಆ ಹೆಸರು ಕಿವಿಗೆ ಬೀಳಲು ನಾಲ್ಕು ವರ್ಷ ಬೇಕಾಯಿತು. ಗಣಿ ಮುಚ್ಚಿತು, ಆದರೆ ಬಂಡೆ ಒಡೆಯುವುದು ನಿಂತಿಲ್ಲ. ಕ್ವಾರಿ ಇದೆ, ಜಲ್ಲಿ ಕ್ರಷರ್ ಇದೆ, ಎಂ-ಸ್ಯಾಂಡ್ ಘಟಕ ಇದೆ, ಗ್ರಾನೈಟ್ ಪಾಲಿಶ್ ಇದೆ, ಬೋರ್ ಗಾಡಿ ಇದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕಡೆಯುವವರಿದ್ದಾರೆ. ಹಿಂದೆ ಉಳಿ, ಸುತ್ತಿಗೆ ಇತ್ತು. ಈಗ ವಿದ್ಯುತ್ ಗ್ರೈಂಡರ್ ಬಂದಿದೆ. ಉಳಿಯಿಂದ ಚೂರು ಬೀಳುತ್ತಿತ್ತು, ಗ್ರೈಂಡರ್‌ನಿಂದ ಹೊಗೆಯಂಥ ಹುಡಿ ಏಳುತ್ತದೆ. ಕಲ್ಲಿನಲ್ಲಿ ಬೆಣಚಿನ ಅಂಶ ಎಷ್ಟಿದೆಯೋ ಅಪಾಯವೂ ಅಷ್ಟು.

ಹಾಗಾದರೆ ಇಷ್ಟು ಬೇರೆ ಬೇರೆ ಕಾಯಿಲೆಗಳು ಒಂದೇ ಥರ ಕಾಣುವುದು ಯಾಕೆ?

ಎಕ್ಸ್‌ರೇ ನೋಡಿದರೆ ಗೊತ್ತಾಗುತ್ತದೆ. ಎರಡೂ ಕಾಯಿಲೆಗೆ ಶ್ವಾಸಕೋಶದ ಮೇಲ್ಭಾಗವೇ ಇಷ್ಟ. ಟಿ.ಬಿ.ಯಲ್ಲಿ ಒಂದು ವಿಧ ಇದೆ. ಅದರಲ್ಲಿ ಶ್ವಾಸಕೋಶದ ತುಂಬ ಸಣ್ಣ ಸಣ್ಣ ಕಾಳಿನಂಥ ಚುಕ್ಕೆಗಳು ಕಾಣುತ್ತವೆ. ವಿದೇಶದ ಡಾಕ್ಟರುಗಳು ಅದಕ್ಕೆ ಸಿರಿಧಾನ್ಯದ ಕಾಳಿನ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಕಪ್ಪು ಕಂಬಳಿ ಮೇಲೆ ರಾಗಿ ಚೆಲ್ಲಿದ ಹಾಗೆ. ಸಿಲಿಕೋಸಿಸ್‌ನಲ್ಲೂ ಹಾಗೇ, ಎರಡೂ ಕಡೆ ಗುಂಡು ಗುಂಡು ಚುಕ್ಕೆ. ಮಾವನ ಫಿಲ್ಮನ್ನು ನಾನೂ ಕಿಟಕಿಗೆ ಹಿಡಿದು ನೋಡಿದ್ದೇನೆ. ರಾಗಿಯೇ. ಅಲ್ಲಲ್ಲಿ ಅವರೆಕಾಳಿನಷ್ಟು ದಪ್ಪದ್ದೂ ಇದ್ದವು. ದಿನಕ್ಕೆ ನೂರು ಜನರನ್ನು ನೋಡುವ ಡಾಕ್ಟರಿಗೆ ಅದು ಟಿ.ಬಿ. ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಜಗತ್ತಿನ ಟಿ.ಬಿ. ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಇದ್ದಾರೆ. ಕಫದಲ್ಲಿ ರೋಗಾಣು ಸಿಗದಿದ್ದರೂ ಟಿ.ಬಿ. ಇರಬಹುದು, ಅದೂ ನಿಜ. ಮಾತ್ರೆ ಕೊಟ್ಟದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಆರು ತಿಂಗಳು ನುಂಗಿದ ಮೇಲೂ ಚುಕ್ಕೆ ಹಾಗೇ ಇದ್ದಾಗ, ಮನುಷ್ಯನ ದುಡಿಮೆ ಏನು ಅಂತ ಕೇಳದೆ ಮತ್ತೆ ಅದೇ ಮಾತ್ರೆ ಬರೆದದ್ದು ನೋವು.

ಬೇರೆ ಮಾಡಿ ನೋಡುವ ದಾರಿ ಇದೆ. ಟಿ.ಬಿ. ವಾರಗಳಲ್ಲಿ, ತಿಂಗಳುಗಳಲ್ಲಿ ಮನುಷ್ಯನನ್ನು ಇಳಿಸುತ್ತದೆ. ಜ್ವರ, ಬೆವರು, ತೂಕ ಎಲ್ಲ ಒಟ್ಟಿಗೆ ಬರುತ್ತವೆ. ಸಿಲಿಕೋಸಿಸ್ ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಮೊದಲು ಗುಡ್ಡ ಹತ್ತುವಾಗ ದಮ್ಮು, ಆಮೇಲೆ ಮೆಟ್ಟಿಲು ಹತ್ತುವಾಗ, ಆಮೇಲೆ ಸ್ನಾನ ಮಾಡುವಾಗ. ಬರೀ ಸಿಲಿಕೋಸಿಸ್ ಆದರೆ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಟಿ.ಬಿ. ಇದೆಯೋ ಇಲ್ಲವೋ ಅನ್ನುವುದಕ್ಕೆ ಕಫವೇ ಮುಖ್ಯ ಸಾಕ್ಷಿ. ಸೂಕ್ಷ್ಮದರ್ಶಕದಲ್ಲಿ ನೋಡುವುದರ ಜೊತೆಗೆ ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳಿವೆ. ಕೆಲವೇ ಗಂಟೆಯಲ್ಲಿ ರೋಗಾಣು ಇದೆಯೇ, ಮುಖ್ಯ ಔಷಧಿಗೆ ಬಗ್ಗುತ್ತದೆಯೇ ಎರಡನ್ನೂ ಹೇಳುತ್ತವೆ. ಸಿಲಿಕೋಸಿಸ್‌ಗೆ ಅಂಥ ಒಂದೇ ಪರೀಕ್ಷೆ ಇಲ್ಲ. ಎಕ್ಸ್‌ರೇ, ಬೇಕಾದರೆ ಸಿ.ಟಿ. ಸ್ಕ್ಯಾನ್, ಕೊಳವೆಗೆ ಊದಿ ಉಸಿರಿನ ಬಲ ಅಳೆಯುವ ಪರೀಕ್ಷೆ, ಇವುಗಳ ಜೊತೆಗೆ ದುಡಿಮೆಯ ಚರಿತ್ರೆ. ಕೊನೆಯದು ಇಲ್ಲದಿದ್ದರೆ ಉಳಿದದ್ದು ಪೂರ್ತಿ ಮಾತಾಡುವುದಿಲ್ಲ.

ಇನ್ನೊಂದು ಕಡೆಯ ತಪ್ಪೂ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಅಪಾಯ. ಕ್ವಾರಿಯಲ್ಲಿ ಕೆಮ್ಮು ಮಾಮೂಲು. "ಧೂಳಿನ ಕೆಮ್ಮು ಬಿಡಪ್ಪ, ಬೆಲ್ಲ ತಿನ್ನು ಹೋಗುತ್ತೆ" ಅನ್ನುತ್ತಾರೆ. ಬೆಲ್ಲಕ್ಕೆ ಧೂಳನ್ನು ಆಚೆ ತೆಗೆಯುವ ಶಕ್ತಿ ಇಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಹೀಗೆ ಧೂಳಿನ ಕೆಮ್ಮು ಅಂತ ತಿಂಗಳುಗಟ್ಟಲೆ ತಳ್ಳಿದ ಕೆಮ್ಮಿನಲ್ಲಿ ನಿಜವಾದ ಟಿ.ಬಿ. ಅಡಗಿರಬಹುದು. ಆ ಹೊತ್ತಿಗೆ ಶೆಡ್ಡಿನಲ್ಲಿ ಒಟ್ಟಿಗೆ ಮಲಗುವ ಹತ್ತು ಜನಕ್ಕೂ, ಮನೆಯ ಮಕ್ಕಳಿಗೂ ಅದು ದಾಟಿರಬಹುದು.

ಆಗಲೇ ಒಂದು ದೊಡ್ಡ ಕಾರಣ ಅಂದೆನಲ್ಲ, ಅದು ಇದೇ ಸಿಲಿಕಾ. ಟಿ.ಬಿ. ರೋಗಾಣುವನ್ನು ಹಿಡಿದು ಅದುಮಿಡುವುದು ಯಾರು? ಅದೇ ಕಾವಲು ಕಣಗಳು. ಕಲ್ಲು ನುಂಗಿ ಸಾಯುತ್ತಿರುವುದೂ ಅವೇ. ಕಾವಲುಗಾರ ಬಿದ್ದ ಮನೆಗೆ ಕಳ್ಳ ನುಗ್ಗುವುದು ಎಷ್ಟು ಸಲೀಸು! ಸಿಲಿಕೋಸಿಸ್ ಇರುವವರಿಗೆ ಟಿ.ಬಿ. ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಕೆಲಸ ಬಿಟ್ಟು ವರ್ಷಗಳಾದರೂ ಆ ಅಪಾಯ ಹೋಗುವುದಿಲ್ಲ. ಎರಡೂ ಕೂಡಿದರೆ ಅದಕ್ಕೆ ಸಿಲಿಕೋ-ಟಿ.ಬಿ. ಅಂತಲೇ ಹೆಸರಿದೆ. ಆಗ ಆರು ತಿಂಗಳ ಔಷಧಿ ಸಾಲದೆ ಡಾಕ್ಟರ್ ಇನ್ನೂ ಕೆಲವು ತಿಂಗಳು ಮುಂದುವರಿಸಬಹುದು. ಆದ್ದರಿಂದ "ನನಗೆ ಸಿಲಿಕೋಸಿಸ್, ಟಿ.ಬಿ. ಅಲ್ಲ" ಅಂತ ಒಮ್ಮೆ ಗೊತ್ತಾದರೆ ಕಥೆ ಮುಗಿಯುವುದಿಲ್ಲ. ಹೊಸದಾಗಿ ಜ್ವರ ಬಂದರೆ, ತೂಕ ಇಳಿದರೆ, ಕಫದಲ್ಲಿ ರಕ್ತ ಕಂಡರೆ ಮತ್ತೆ ಕಫ ಕೊಟ್ಟು ಬರಬೇಕು. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೂ ಕಾರಣ, ಬೀಡಿ ಸೇದುವವರಿಗೆ ಇನ್ನೂ ಹೆಚ್ಚು. ಟಿ.ಬಿ. ಬಾರದಂತೆ ಮುಂಚೆಯೇ ಕೊಡುವ ಮಾತ್ರೆಗಳೂ ಇವೆ. ಅವನ್ನು ಯಾರಿಗೆ ಕೊಡಬಹುದು ಅನ್ನುವ ಸರ್ಕಾರದ ಪಟ್ಟಿಯಲ್ಲಿ ಸಿಲಿಕೋಸಿಸ್ ಇರುವವರೂ ಸೇರಿದ್ದಾರೆ. ಈಗಾಗಲೇ ಟಿ.ಬಿ. ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಕೊಡುತ್ತಾರೆ. ಇದನ್ನು ಕೇಳಿ ಪಡೆಯಿರಿ. ಟಿ.ಬಿ. ಬಗ್ಗೆ ಏನೇ ಕೇಳಬೇಕಾದರೂ 1800-11-6666 ಸಹಾಯವಾಣಿ ಇದೆ, ದುಡ್ಡು ಬೀಳುವುದಿಲ್ಲ.

ಸಿಲಿಕೋಸಿಸ್‌ಗೆ ವಾಸಿ ಮಾಡುವ ಔಷಧಿ ಇಲ್ಲ. ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ಇಲ್ಲದಿದ್ದರೆ ಜನ ಸಾಲ ಮಾಡಿ ಊರೂರು ಅಲೆಯುತ್ತಾರೆ. ಆದರೆ ಮಾಡಬೇಕಾದ್ದು ಬಹಳ ಇದೆ. ಮೊದಲು ಧೂಳಿನಿಂದ ಆಚೆ ಬರಬೇಕು, ಬೀಡಿ ಬಿಡಬೇಕು. ದಮ್ಮಿಗೆ ಇನ್‌ಹೇಲರ್, ಬೇಕಾದರೆ ಆಕ್ಸಿಜನ್, ಉಸಿರಾಟದ ವ್ಯಾಯಾಮ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ. ಇಷ್ಟರಿಂದ ಬದುಕು ಎಷ್ಟೋ ಹಗುರಾಗುತ್ತದೆ.

ತಡೆಯುವುದಂತೂ ಪೂರ್ತಿ ಸಾಧ್ಯ. ಅದಕ್ಕೆ ಬೇಕಾದ ಮುಖ್ಯ ವಸ್ತು ನೀರು. ಕೊರೆಯುವ ಕಡೆ ನೀರು ಬಿಟ್ಟರೆ ಧೂಳು ಏಳುವ ಮುಂಚೆಯೇ ಕೆಸರಾಗಿ ಕೂರುತ್ತದೆ. ನಮ್ಮ ಕಡೆ ನೀರಿಗೇ ಬರ, ನೀರು ಹುಡುಕುವುದಕ್ಕೇ ಕೊರೆಯುವುದು, ನಿಜ. ಆದರೂ ಗಾಡಿ ಜೊತೆ ಒಂದು ಟ್ಯಾಂಕರ್ ನೀರು ನಿಲ್ಲಿಸುವುದು ಬೋರಿನ ಒಟ್ಟು ಖರ್ಚಿನಲ್ಲಿ ಎಷ್ಟು ಮಹಾ? ಕ್ರಷರ್‌ನಲ್ಲಿ ನೀರು ಚಿಮುಕಿಸಬೇಕು, ಬೆಲ್ಟುಗಳಿಗೆ ಮುಚ್ಚಿಗೆ ಹಾಕಬೇಕು, ಒಣ ಪೊರಕೆಯಲ್ಲಿ ಗುಡಿಸಬಾರದು. ಮಾಸ್ಕ್ ಆಮೇಲಿನದು. ಅದೂ ಎನ್-95ರಂಥದು, ಮುಖಕ್ಕೆ ಸಂದಿಲ್ಲದೆ ಕೂರುವಂಥದು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು. ನಮ್ಮತ್ತೆ ಎಷ್ಟೋ ವರ್ಷ ಮಾವನ ಅಂಗಿಯನ್ನು ಹಿತ್ತಲ ಬಾಗಿಲಲ್ಲಿ ಪಟಪಟ ಕೊಡವಿ ನೆನೆಹಾಕುತ್ತಿದ್ದರು. ನೇರ ನೀರಿಗೆ ಹಾಕಬೇಕು ಅಂತ ಯಾರಾದರೂ ಹೇಳಿದ್ದರೆ ಹಾಗೇ ಮಾಡುತ್ತಿದ್ದರು.

ಯಾವ ಹೆಸರು ಬರೆಯುತ್ತಾರೆ ಅನ್ನುವುದು ಹಕ್ಕಿನ ವಿಷಯವೂ ಹೌದು. ಸಿಲಿಕೋಸಿಸ್ ದುಡಿಮೆಯಿಂದ ಬರುವ ಕಾಯಿಲೆ. 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಪಟ್ಟಿಯಲ್ಲೇ ಅದರ ಹೆಸರಿತ್ತು, 1923ರ ಪರಿಹಾರ ಕಾಯ್ದೆಯಲ್ಲೂ ಇತ್ತು. 2025ರ ನವೆಂಬರ್‌ನಲ್ಲಿ ಅವುಗಳ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಚೀಟಿಯಲ್ಲಿ ಬರೀ ಟಿ.ಬಿ. ಅಂತ ಇದ್ದರೆ ಮಾಲೀಕರಿಗೂ ಅದಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ. ಅದಕ್ಕೇ ಹಾಜರಿ ಚೀಟಿ, ಕೂಲಿ ಲೆಕ್ಕ, ಹಳೇ ಎಕ್ಸ್‌ರೇ ಯಾವುದನ್ನೂ ಎಸೆಯಬೇಡಿ. ಮಾವನ ಬಳಿ ಅದ್ಯಾವುದೂ ಇರಲಿಲ್ಲ. ಬೋರ್ ಗಾಡಿಯಲ್ಲಿ ಹಾಜರಿ ಪುಸ್ತಕ ಯಾರು ಇಡುತ್ತಾರೆ?

ಈಗ ಅವರ ಫೈಲಿನ ಮೊದಲ ಹಾಳೆಯಲ್ಲಿ ನಾನೇ ದೊಡ್ಡದಾಗಿ ಬರೆದಿದ್ದೇನೆ: ಬೋರ್‌ವೆಲ್ 11 ವರ್ಷ, ಕ್ರಷರ್ 6 ವರ್ಷ, ಟಿ.ಬಿ. ಮಾತ್ರೆ ಎರಡು ಸಲ. ಅತ್ತೆ ಆ ಬೇರೆ ತಟ್ಟೆಯನ್ನು ಉಳಿದ ತಟ್ಟೆಗಳ ಜೊತೆಗೇ ಜೋಡಿಸಿಟ್ಟಿದ್ದಾರೆ.

ಹೋದ ಬೇಸಿಗೆಯಲ್ಲಿ ಪಕ್ಕದ ಹೊಲಕ್ಕೆ ಬೋರ್ ಗಾಡಿ ಬಂತು. ಮಾವ ನಿಧಾನಕ್ಕೆ, ಎರಡು ಕಡೆ ನಿಂತು ಉಸಿರು ಎಳೆದುಕೊಂಡು, ಅಲ್ಲಿಗೆ ಹೋದರು. ಗಾಳಿ ಬೀಸುತ್ತಿದ್ದ ಕಡೆಗೆ ಬೆನ್ನು ಮಾಡಿ ದೂರದಲ್ಲಿ ಕೂತರು. ಊಟದ ಹೊತ್ತಿಗೆ ಗಾಡಿ ನಿಂತಾಗ ಒಬ್ಬ ಹುಡುಗನನ್ನು ಹತ್ತಿರ ಕರೆದರು. ಎಷ್ಟು ವರ್ಷ ಆಯ್ತಪ್ಪ ಈ ಕೆಲಸಕ್ಕೆ ಬಂದು ಅಂತ ಕೇಳಿದರು. ಅವನು ಮೂರು ಬೆರಳು ತೋರಿಸಿದ. "ಎಕ್ಸ್‌ರೇ ತೆಗೆಸಿದೀಯಾ?" ಅಂದರು.

ಅವನು ನಕ್ಕು, ಟವಲ್ಲಿನಿಂದ ಹುಬ್ಬು ಒರೆಸಿಕೊಂಡ.